ಎನ್‌ಎಫ್‌ಎಲ್ ಜಗಳದ ಸುದ್ದಿಯಲ್ಲಿ ಕರಾರಿನ ದಿನಾಂಕವೂ ಇರಲಿ

ಮಾನ್ಯ ಸಂಪಾದಕರೆ,

ಅಮೆರಿಕನ್ ಫುಟ್‌ಬಾಲ್, ಅದರ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್, ನಮ್ಮ ಕ್ರೀಡಾ ಪುಟಗಳಿಗೆ ಬರುವುದೇ ಅಪರೂಪ. ಬಂದಾಗಲೂ ಕಣ್ಣಿಗೆ ಬೀಳುವುದು ಮೈದಾನದ ಅಂಚಿನಲ್ಲಿ ದೊಡ್ಡ ಆಟಗಾರನೊಬ್ಬ ಕೋಚ್ ಮೇಲೆ ಕೂಗಾಡುವ ಚಿತ್ರ, ಕೆಳಗೆ ‘ತಾರೆಯ ದರ್ಪ’ ಎಂಬ ಧಾಟಿಯ ಎರಡು ಸಾಲು. 2024ರ ಫೆಬ್ರುವರಿ 11ರಂದು ಲಾಸ್ ವೇಗಸ್‌ನಲ್ಲಿ ನಡೆದ ಸೂಪರ್ ಬೌಲ್ ಎಂಬ ಲೀಗಿನ ಅಂತಿಮ ಪಂದ್ಯದಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್‌ನ ಟ್ರಾವಿಸ್ ಕೆಲ್ಸಿ, 65 ವರ್ಷದ ಕೋಚ್ ಆ್ಯಂಡಿ ರೀಡ್ ಅವರ ಮೈಮೇಲೆ ಬಿದ್ದು ಕಿರುಚಿದ ದೃಶ್ಯವೂ ಹೀಗೆಯೇ ಲೋಕವೆಲ್ಲ ಸುತ್ತಿತು.

ಆ ಚಿತ್ರಕ್ಕೆ ಮೊದಲು ನಡೆದದ್ದು ಇಷ್ಟು. ಎರಡನೇ ಕ್ವಾರ್ಟರ್‌ನಲ್ಲಿ ಚೀಫ್ಸ್ ಎದುರಾಳಿಯ ಗೋಲು ಗೆರೆಯ ಹತ್ತಿರ ಬಂದಿತ್ತು. ಓಡುತ್ತಿದ್ದ ಐಸಾಯ ಪಚೆಕೊ ಕೈಯಿಂದ ಚೆಂಡು ಜಾರಿ ಸ್ಯಾನ್ ಫ್ರಾನ್ಸಿಸ್ಕೊ ಪಾಲಾಯಿತು. ಆ ಹೊತ್ತಿಗೆ ಕೆಲ್ಸಿ ಮೈದಾನದಲ್ಲೇ ಇರಲಿಲ್ಲ, ಅವರ ಬದಲು ಬೇರೆಯವರನ್ನು ಇಳಿಸಲಾಗಿತ್ತು. ಮೊದಲ ಅರ್ಧದಲ್ಲಿ ಅವರಿಗೆ ದಕ್ಕಿದ್ದು ಒಂದು ಕ್ಯಾಚ್, ಒಂದು ಗಜದ ಮುನ್ನಡೆ. ಪಂದ್ಯ ಮುಗಿದಾಗ ಅದು 9 ಕ್ಯಾಚ್, 93 ಗಜ ಆಗಿತ್ತು. ಹೆಚ್ಚುವರಿ ಅವಧಿಯಲ್ಲಿ ಚೀಫ್ಸ್ 25–22ರಿಂದ ಗೆದ್ದಿತು. ‘ನನ್ನನ್ನು ಆಡಿಸಿ’ ಎಂಬುದೇ ಕೂಗಿನ ತಿರುಳು. ಅದನ್ನು ಕೂಗಿದ ರೀತಿ ಒಪ್ಪುವಂಥದ್ದಲ್ಲ, ವಯಸ್ಸಾದವರನ್ನು ತಳ್ಳಿದ್ದು ತಪ್ಪೇ. ಆದರೆ ಕಾರಣವನ್ನು ಬಿಟ್ಟು ರೀತಿಯನ್ನಷ್ಟೇ ಅಚ್ಚು ಹಾಕಿದರೆ ಓದುಗರಿಗೆ ಆಟ ಎಂದಿಗೂ ಅರ್ಥವಾಗುವುದಿಲ್ಲ.

ಈ ಆಟದಲ್ಲಿ ಕೋಚ್‌ಗೆ ಇರುವ ಅಧಿಕಾರವನ್ನು ಕ್ರಿಕೆಟ್ ನೋಡಿ ಬೆಳೆದ ನಾವು ಊಹಿಸುವುದು ಕಷ್ಟ. 2017ರ ಜೂನ್‌ನಲ್ಲಿ ಅನಿಲ್ ಕುಂಬ್ಳೆ ಭಾರತ ತಂಡದ ಕೋಚ್ ಹುದ್ದೆ ಬಿಟ್ಟರು. ತಮ್ಮ ಕಾರ್ಯಶೈಲಿಗೆ ನಾಯಕನ ಆಕ್ಷೇಪವಿದೆ ಎಂದು ಮಂಡಳಿ ತಿಳಿಸಿದ್ದನ್ನು ಅವರೇ ಬಹಿರಂಗವಾಗಿ ಬರೆದರು. ಕ್ರಿಕೆಟ್‌ನಲ್ಲಿ ಪಂದ್ಯ ಶುರುವಾದ ಮೇಲೆ ಬೌಲರ್ ಬದಲಿಸುವವರು, ಫೀಲ್ಡರ್ ನಿಲ್ಲಿಸುವವರು ನಾಯಕರು. ಹಾಗಾಗಿ ನಾಯಕನ ಮಾತಿಗೆ ಅಷ್ಟು ತೂಕ. ಎನ್‌ಎಫ್‌ಎಲ್‌ನಲ್ಲಿ ಇದು ತಲೆಕೆಳಗು. ಬಹುತೇಕ ಪ್ರತಿಯೊಂದು ಎಸೆತ, ಪ್ರತಿಯೊಂದು ಓಟ ಮೈದಾನದ ಹೊರಗಿನಿಂದ ಹೇಳಿ ಕಳಿಸಿದ್ದು.

ಹೇಳಿ ಕಳಿಸುವ ಬಗೆಯಲ್ಲೇ ಅರ್ಧ ಜಗಳ ಅಡಗಿದೆ. ಚೆಂಡು ಎಸೆದು ದಾಳಿ ನಡೆಸುವ ಆಟಗಾರನೇ ಕ್ವಾರ್ಟರ್‌ಬ್ಯಾಕ್. 1994ರಿಂದ ಅವರ ಹೆಲ್ಮೆಟ್‌ನಲ್ಲಿ ರೇಡಿಯೊ ಇದೆ, ಗುರುತಿಗೆ ಹಿಂಬದಿಯಲ್ಲಿ ಹಸಿರು ಚುಕ್ಕಿ. 2008ರಿಂದ ರಕ್ಷಣಾ ಪಡೆಯ ಒಬ್ಬರಿಗೂ ಇದೇ ಸೌಲಭ್ಯ. ಒಂದು ಆಟ, ಅಂದರೆ ಒಂದು ಎಸೆತ ಅಥವಾ ಓಟದ ಯತ್ನ, ಮುಗಿದ ಮೇಲೆ ಮುಂದಿನದನ್ನು ಆರಂಭಿಸಲು ಸಾಮಾನ್ಯವಾಗಿ 40 ಸೆಕೆಂಡ್. ಗಡಿಯಾರ 15ಕ್ಕೆ ಇಳಿದೊಡನೆ ರೇಡಿಯೊ ಕಡಿದುಹೋಗುತ್ತದೆ. ಅಂದರೆ ಕೋಚ್‌ಗೆ ಸಿಗುವುದು 25 ಸೆಕೆಂಡ್. ಅಷ್ಟರಲ್ಲಿ ಯಾವ ಆಟ ಎಂದು ತೀರ್ಮಾನಿಸಿ, ಅದರ ಉದ್ದನೆಯ ಸಂಕೇತವನ್ನು ಹೇಳಿ ಮುಗಿಸಬೇಕು. ಕ್ವಾರ್ಟರ್‌ಬ್ಯಾಕ್ ಅದನ್ನು ಉಳಿದ 10 ಮಂದಿಗೆ ತಿಳಿಸಿ, ಸಾಲು ಕಟ್ಟಿಸಿ, ಎದುರಾಳಿ ನಿಂತ ಬಗೆಯನ್ನು ಓದಬೇಕು. ಕೋಚ್ ಹೇಳುವುದು ಐದಾರು ಸೆಕೆಂಡ್ ತಡವಾದರೂ ಓದುವ ಸಮಯವೇ ಹೋಯಿತು. ಆಗ ಉಳಿಯುವ ದಾರಿಗಳು ಮೂರು: ಅರ್ಧವೊಂದಕ್ಕೆ ಮೂರೇ ಇರುವ ಟೈಮ್ಔಟ್‌ಗಳಲ್ಲಿ ಒಂದನ್ನು ಸುಡುವುದು, ತಡಮಾಡಿದ್ದಕ್ಕೆ 5 ಗಜ ದಂಡ ತೆರುವುದು, ಇಲ್ಲವೇ ಕೆಟ್ಟದ್ದೆಂದು ಗೊತ್ತಿದ್ದೂ ಆ ಆಟವನ್ನೇ ಆಡುವುದು. ಆಮೇಲೆ ಬೆಂಚಿಗೆ ಬಂದ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ಎಸೆದರೆ ಟಿವಿಯಲ್ಲಿ ಕಾಣುವುದು ಹೆಲ್ಮೆಟ್ ಮಾತ್ರ, ರೇಡಿಯೊದಲ್ಲಿ ತಡವಾಗಿ ಬಂದ ಮಾತು ಯಾರಿಗೂ ಕೇಳಿಸಿರುವುದಿಲ್ಲ.

ಇನ್ನೊಂದು ಕಿಡಿ ಆಡಿಬಲ್. ಕೋಚ್ ಹೇಳಿದ ಆಟವನ್ನು ಕ್ವಾರ್ಟರ್‌ಬ್ಯಾಕ್ ಆಟ ಆರಂಭವಾಗುವ ಗೆರೆಯ ಬಳಿ ನಿಂತು ಕೂಗಿ ಬದಲಿಸುವುದಕ್ಕೆ ಈ ಹೆಸರು. ಎಷ್ಟು ಬದಲಿಸಬಹುದು ಎಂಬುದನ್ನು ವಾರದ ಅಭ್ಯಾಸದಲ್ಲೇ ಗೊತ್ತುಮಾಡಿರುತ್ತಾರೆ. ಆ ಗಡಿ ಮೀರಿದಾಗ ಆಗುವುದಕ್ಕೆ 1992ರ ಅಕ್ಟೋಬರ್ 4ರ ಪಂದ್ಯ ಸಾಕ್ಷಿ. ಶಿಕಾಗೊ ಬೇರ್ಸ್ ಮಿನೆಸೋಟದ ಮುಚ್ಚಿದ ಕ್ರೀಡಾಂಗಣದಲ್ಲಿ 20–0 ಮುನ್ನಡೆಯಲ್ಲಿತ್ತು. ಒಳಗಿನ ಗದ್ದಲದಲ್ಲಿ ಕೂಗಿದ್ದು ಕೇಳಿಸದು ಎಂದು ಕೋಚ್ ಮೈಕ್ ಡಿಟ್ಕಾ ಆಡಿಬಲ್ ಬೇಡ ಎಂದಿದ್ದರು. ಕ್ವಾರ್ಟರ್‌ಬ್ಯಾಕ್ ಜಿಮ್ ಹಾರ್ಬಾ ಬದಲಿಸಿಯೇಬಿಟ್ಟರು. ಚೆಂಡು ಎದುರಾಳಿಯ ಕೈಸೇರಿ ನೇರ ಟಚ್‌ಡೌನ್ (ಚೆಂಡನ್ನು ಗೋಲು ಗೆರೆ ದಾಟಿಸಿ ಗಳಿಸುವ ಅಂಕ) ಆಯಿತು, ಪಂದ್ಯ 21–20ರಿಂದ ಕೈತಪ್ಪಿತು. ಡಿಟ್ಕಾ ಕ್ಯಾಮೆರಾಗಳ ಎದುರೇ ಹಾರ್ಬಾ ಮೇಲೆ ಹರಿಹಾಯ್ದರು. ಋತು ಮುಗಿದ ಮೇಲೆ ಕೆಲಸ ಹೋದದ್ದು ಡಿಟ್ಕಾ ಅವರದೇ. ಅದೇ ಹಾರ್ಬಾ ಇಂದು ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡದ ಮುಖ್ಯ ಕೋಚ್. ನನ್ನ ಮಟ್ಟಿಗೆ ಆ ದಿನ ಡಿಟ್ಕಾ ನಿಯಮ ಸರಿಯಿತ್ತು, ಸಾರ್ವಜನಿಕವಾಗಿ ಬೈದದ್ದು ಸರಿಯಲ್ಲ.

ಕೋಚ್‌ಗಳ ಹಿಡಿತ ಮಿತಿಮೀರಿದ ಉದಾಹರಣೆಯೂ ಇದೆ. 1971ರಲ್ಲಿ ಡಲ್ಲಸ್ ಕೌಬಾಯ್ಸ್‌ನ ಟಾಮ್ ಲ್ಯಾಂಡ್ರಿ ಶಿಕಾಗೊ ವಿರುದ್ಧ ರೋಜರ್ ಸ್ಟೌಬಾಕ್ ಮತ್ತು ಕ್ರೇಗ್ ಮಾರ್ಟನ್ ಎಂಬ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಒಂದೊಂದು ಆಟಕ್ಕೆ ಒಬ್ಬೊಬ್ಬರಂತೆ ಒಳಗೆ ಹೊರಗೆ ಓಡಾಡಿಸಿದರು. 23–19ರಿಂದ ಸೋತರು. ಆಮೇಲೆ ಸ್ಟೌಬಾಕ್ ಒಬ್ಬರನ್ನೇ ನಂಬಿದರು. ಆ ಋತುವಿನಲ್ಲಿ ತಂಡ ಮತ್ತೆ ಸೋಲಲೇ ಇಲ್ಲ, ಸೂಪರ್ ಬೌಲ್ ಕೂಡ ಗೆದ್ದಿತು.

ಚೆಂಡು ಹಿಡಿಯುವ ರಿಸೀವರ್‌ಗಳ ಹೆಸರೇ ಜಗಳದಲ್ಲಿ ಹೆಚ್ಚು ಕೇಳಿಬರುವುದಕ್ಕೂ ಲೆಕ್ಕವಿದೆ. ಒಂದು ತಂಡ ಪಂದ್ಯವೊಂದರಲ್ಲಿ ಸುಮಾರು 60 ಆಟ ಆಡುತ್ತದೆ, ಅದರಲ್ಲಿ ಎಸೆತ ಮೂವತ್ತರ ಆಸುಪಾಸು. ಅತ್ಯುತ್ತಮ ರಿಸೀವರ್ ಕಡೆಗೆ ಬರುವುದು ಎಂಟು ಹತ್ತು. ಉಳಿದ ಐವತ್ತು ಸಲ ಅವರು ಸುಮ್ಮನೆ ಓಡಿ ಎದುರಾಳಿಯನ್ನು ಸೆಳೆಯಬೇಕು ಅಥವಾ ಅಡ್ಡ ನಿಲ್ಲಬೇಕು. ಮುಂದಿನ ಸಂಬಳವನ್ನು ನಿರ್ಧರಿಸುವುದು ಮಾತ್ರ ಆ ಎಂಟು ಹತ್ತೇ. ಎಸೆತ ಯಾರ ಕಡೆಗೆ ಎಂಬುದು ಅವರ ಕೈಯಲ್ಲಿಲ್ಲ, ಕೋಚ್ ಮತ್ತು ಕ್ವಾರ್ಟರ್‌ಬ್ಯಾಕ್ ಕೈಯಲ್ಲಿದೆ.

ಮೇಲೆ ಹೇಳಿದ ಆ್ಯಂಡಿ ರೀಡ್ ಅವರೇ 2005ರಲ್ಲಿ ಫಿಲಡೆಲ್ಫಿಯ ಈಗಲ್ಸ್ ಕೋಚ್ ಆಗಿದ್ದಾಗ ರಿಸೀವರ್ ಟೆರೆಲ್ ಓವೆನ್ಸ್ ಜೊತೆ ನಡೆದುಕೊಂಡದ್ದು ಪೂರಾ ಬೇರೆ. ಓವೆನ್ಸ್ ಕಾಲು ಮುರಿದುಕೊಂಡು, ಪೂರ್ತಿ ವಾಸಿಯಾಗುವ ಮೊದಲೇ 2005ರ ಫೆಬ್ರುವರಿಯ ಸೂಪರ್ ಬೌಲ್‌ಗೆ ಇಳಿದು 9 ಕ್ಯಾಚ್, 122 ಗಜ ಗಳಿಸಿದ್ದರು. ಬೇಸಿಗೆಯಲ್ಲಿ ಹೊಸ ಕರಾರು ಕೇಳಿದರು, ತಂಡ ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ರೀಡ್, ಓವೆನ್ಸ್ ಅವರನ್ನು ಅಭ್ಯಾಸ ಶಿಬಿರದಿಂದ ಒಂದು ವಾರ ಮನೆಗೆ ಕಳಿಸಿದರು. ನವೆಂಬರ್‌ನಲ್ಲಿ ಓವೆನ್ಸ್ ಸಂದರ್ಶನವೊಂದರಲ್ಲಿ ತಂಡವನ್ನೂ ಕ್ವಾರ್ಟರ್‌ಬ್ಯಾಕನ್ನೂ ಟೀಕಿಸಿದ ಮೇಲೆ ಸಂಬಳವಿಲ್ಲದೆ ನಾಲ್ಕು ಪಂದ್ಯ ಅಮಾನತು. ಅದು ಮುಗಿದ ಮೇಲೆ ಸಂಬಳ ಕೊಟ್ಟೂ ಉಳಿದ ಪಂದ್ಯಗಳಿಂದ ಹೊರಗೆ. ಶಿಸ್ತಿನ ಕಾರಣಕ್ಕೆ ತಂಡ ಕೊಡಬಹುದಾದ ಗರಿಷ್ಠ ಅಮಾನತು ನಾಲ್ಕೇ ವಾರ. ಸಂಬಳ ಕೊಟ್ಟು ಕೂರಿಸುವುದು ಆ ಮಿತಿಯನ್ನು ಹಿಂಬಾಗಿಲಿನಿಂದ ದಾಟಿದಂತೆ ಎಂದು ಆಟಗಾರರ ಸಂಘ ವಾದಿಸಿತು. ಮಧ್ಯಸ್ಥಗಾರ ರಿಚರ್ಡ್ ಬ್ಲಾಕ್ ತಂಡದ ಪರ ತೀರ್ಪಿತ್ತರು. ಮರುವರ್ಷ ಲೀಗ್ ಜೊತೆಗಿನ ಸಾಮೂಹಿಕ ಒಪ್ಪಂದದಲ್ಲಿ ಸಂಘ ಆ ಬಾಗಿಲನ್ನು ಮುಚ್ಚಿಸಿತು. ಈಗಲ್ಸ್ ಆ ಋತುವನ್ನು 6 ಗೆಲುವು, 10 ಸೋಲಿನೊಂದಿಗೆ ಮುಗಿಸಿತು. 2024ರಲ್ಲಿ ರೀಡ್ ಕೆಲ್ಸಿಯ ಕೂಗನ್ನು ನಗುತ್ತಲೇ ತಳ್ಳಿಹಾಕಲು ಅವರಿಬ್ಬರ ನಡುವಿನ ಸಲಿಗೆ ಕಾರಣವಿರಬಹುದು, ಇಬ್ಬರೂ 2013ರಲ್ಲಿ ಒಟ್ಟಿಗೇ ಆ ತಂಡಕ್ಕೆ ಬಂದವರು. ಆದರೆ ಆ ಹೊತ್ತಿಗೆ ಇಬ್ಬರ ನಡುವೆ ಹಣದ ತಕರಾರು ಇರಲಿಲ್ಲ ಎಂಬುದೂ ಅಷ್ಟೇ ಮುಖ್ಯ.

ಹಣದ ವಿಷಯ ಎಷ್ಟು ಆಳಕ್ಕೆ ಇಳಿಯುತ್ತದೆ ಎನ್ನಲು ಡೆನ್ವರ್ ಬ್ರಾಂಕೋಸ್‌ನ 2023ರ ಋತು ನೋಡಬೇಕು. ಡಿಸೆಂಬರ್ 16ರಂದು ಡೆಟ್ರಾಯಿಟ್‌ನಲ್ಲಿ ಕೋಚ್ ಶಾನ್ ಪೇಟನ್, ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಮೇಲೆ ಕಿರುಚಿದ ದೃಶ್ಯ ಎಲ್ಲೆಡೆ ಹರಿದಾಡಿತು. ಮುಂದಿನ ಪಂದ್ಯವನ್ನೂ ಸೋತ ಮೇಲೆ ಕೊನೆಯ ಎರಡು ಪಂದ್ಯಗಳಿಗೆ ವಿಲ್ಸನ್ ಬೆಂಚಿಗೆ ಹೋದರು. ಇದನ್ನು ಇಬ್ಬರ ಸ್ವಭಾವದ ಘರ್ಷಣೆ ಎಂದೇ ಹಲವರು ಬರೆದರು. ಆದರೆ ವಿಲ್ಸನ್ ಕರಾರಿನಲ್ಲಿ ಒಂದು ಕಲಮು ಇತ್ತು. 2025ರ 3.7 ಕೋಟಿ ಡಾಲರ್ ಸಂಬಳಕ್ಕೆ ಆಗ ಗಾಯದ ಗ್ಯಾರಂಟಿ ಮಾತ್ರ ಇತ್ತು. 2024ರ ಮಾರ್ಚ್‌ನಲ್ಲಿ, ಲೀಗ್ ವರ್ಷದ ಐದನೇ ದಿನ ಅವರು ತಂಡದಲ್ಲೇ ಉಳಿದಿದ್ದರೆ ಅದು ಪೂರ್ಣ ಗ್ಯಾರಂಟಿಯಾಗುತ್ತಿತ್ತು, ಅಂದರೆ ಆಮೇಲೆ ಕೈಬಿಟ್ಟರೂ ಕೊಡಲೇಬೇಕಿತ್ತು. ಗಾಯದ ಗ್ಯಾರಂಟಿ ಎಂದರೆ, ಕೊನೆಯ ಎರಡು ಪಂದ್ಯಗಳಲ್ಲಿ ಮಂಡಿ ಮುರಿದು ಮಾರ್ಚ್‌ನ ವೈದ್ಯಕೀಯ ಪರೀಕ್ಷೆಯಲ್ಲಿ ವಿಲ್ಸನ್ ಪಾಸಾಗದೆ ಹೋದರೆ ತಂಡ ಆ ಹಣಕ್ಕೆ ಸಿಕ್ಕಿಬೀಳುತ್ತಿತ್ತು. ಆ ಕಲಮನ್ನು ಬದಲಿಸದಿದ್ದರೆ ಬೆಂಚಿಗೆ ಕೂರಿಸುವುದಾಗಿ, ಅಕ್ಟೋಬರ್ ಕೊನೆಯಲ್ಲಿ ಕ್ಯಾನ್ಸಸ್ ಸಿಟಿಯನ್ನು ಸೋಲಿಸಿದ ಬೆನ್ನಿಗೇ ತಂಡ ತಮಗೆ ಹೇಳಿತ್ತು ಎಂದು ವಿಲ್ಸನ್ ತಿಳಿಸಿದರು. ಪೇಟನ್ ಮಾತ್ರ ಬದಲಾವಣೆಗೆ ಆಟವೇ ಕಾರಣ ಎಂದರು. ವಿಲ್ಸನ್ ಆ ವರ್ಷ ಎಸೆದದ್ದು 26 ಟಚ್‌ಡೌನ್, ಎದುರಾಳಿಯ ಕೈಸೇರಿದ ಎಸೆತ 8. ಈ ಎರಡು ಅಂಕಿಗಳ ಪಕ್ಕ 3.7 ಕೋಟಿ ಎಂಬ ಮೂರನೆಯದನ್ನು ಇಟ್ಟು ನೋಡಿದರೆ ಯಾವ ಮಾತಿಗೆ ಎಷ್ಟು ತೂಕವೆಂದು ಓದುಗರೇ ತೀರ್ಮಾನಿಸಬಲ್ಲರು.

ಬೇಡವಾದ ತಾರೆಯನ್ನು ತಂಡ ಸುಲಭವಾಗಿ ಕಳಿಸಿಬಿಡಲು ಆಗದಿರುವುದು ಸ್ಯಾಲರಿ ಕ್ಯಾಪ್‌ನಿಂದ, ಅಂದರೆ ತಂಡವೊಂದರ ಒಟ್ಟು ಸಂಬಳಕ್ಕೆ ಇರುವ ಮಿತಿಯಿಂದ. ಸಹಿ ಹಾಕುವಾಗ ಕೊಡುವ ಬೋನಸ್ ಕೈಗೆ ಮೊದಲೇ ಸಿಗುತ್ತದೆ, ಲೆಕ್ಕದಲ್ಲಿ ಮಾತ್ರ ಗರಿಷ್ಠ ಐದು ವರ್ಷಕ್ಕೆ ಹಂಚಲಾಗುತ್ತದೆ. 5 ಕೋಟಿ ಡಾಲರ್ ಬೋನಸ್ ಆದರೆ ವರ್ಷಕ್ಕೆ 1 ಕೋಟಿ. ಎರಡು ವರ್ಷಕ್ಕೇ ಕೈಬಿಟ್ಟರೆ ಉಳಿದ 3 ಕೋಟಿ ತಂಡದ ತಲೆಗೆ ಬಂದು ಕೂರುತ್ತದೆ. ಇದನ್ನೇ ಅಲ್ಲಿ ಡೆಡ್ ಮನಿ ಎನ್ನುವುದು. ವಿಲ್ಸನ್ ಅವರನ್ನು ಬಿಟ್ಟದ್ದಕ್ಕೆ ಡೆನ್ವರ್ ಹೊತ್ತ ಡೆಡ್ ಮನಿ ಸುಮಾರು 8.5 ಕೋಟಿ ಡಾಲರ್, ಎರಡು ವರ್ಷಕ್ಕೆ ಹಂಚಿ. 2024ರಲ್ಲಿ ಇಡೀ ತಂಡದ ಸಂಬಳದ ಮಿತಿಯೇ 25.54 ಕೋಟಿ.

ಆಟಗಾರರ ಕಡೆಯ ಅಸ್ತ್ರಗಳೂ ಕಡಿಮೆಯಾಗಿವೆ. 2020ರ ಸಾಮೂಹಿಕ ಒಪ್ಪಂದದ ಪ್ರಕಾರ ಹಿರಿಯ ಆಟಗಾರ ಶಿಬಿರಕ್ಕೆ ಬಾರದಿದ್ದರೆ ದಿನಕ್ಕೆ 50,000 ಡಾಲರ್ ದಂಡ, ತಂಡ ಮನಸ್ಸು ಮಾಡಿದರೂ ಅದನ್ನು ಮನ್ನಾ ಮಾಡುವಂತಿಲ್ಲ. ಅಲ್ಲಿಂದೀಚೆಗೆ ಮುನಿಸಿನ ರೂಪವೇ ಬದಲಾಯಿತು. ಆಟಗಾರರು ಶಿಬಿರಕ್ಕೆ ಬರುತ್ತಾರೆ, ಸಭೆಯಲ್ಲಿ ಕೂರುತ್ತಾರೆ, ತಂಡದ ಜೊತೆ ಅಭ್ಯಾಸಕ್ಕೆ ಇಳಿಯುವುದಿಲ್ಲ. 2021ರಲ್ಲಿ ಪಿಟ್ಸ್‌ಬರ್ಗ್‌ನ ಟಿ.ಜೆ. ವಾಟ್ ಹೀಗೆಯೇ ಮಾಡಿದರು. ಕೋಚ್ ಮೈಕ್ ಟಾಮ್ಲಿನ್ ಅದನ್ನು ರಂಪ ಮಾಡಲಿಲ್ಲ. ವಾಟ್ ಪಕ್ಕದಲ್ಲಿ ಒಬ್ಬರೇ ಅಭ್ಯಾಸ ಮಾಡಲಿ ಎಂದು ಬಿಟ್ಟರು. ಋತು ಶುರುವಾಗುವ ಹೊತ್ತಿಗೆ ಕರಾರು ಆಯಿತು, ಆ ವರ್ಷವೇ ವಾಟ್ 22.5 ಸ್ಯಾಕ್‌ಗಳೊಂದಿಗೆ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು) ಆಗಿನ ಲೀಗ್ ದಾಖಲೆ ಸರಿಗಟ್ಟಿದರು. ಕೂಗಾಟದ ಚಿತ್ರ ಸಿಗದ ಕಾರಣ ಇಂಥ ಸಂಯಮ ಸುದ್ದಿಯಾಗುವುದೇ ಇಲ್ಲ. ಕೋಚ್‌ಗಳ ನಿಜವಾದ ಕಸುಬು ಇಲ್ಲಿದೆ ಎಂದು ನಾನು ಬಲವಾಗಿ ನಂಬುತ್ತೇನೆ.

ಗಾಯದ ವಿಷಯಕ್ಕೆ ಬಂದರೆ ಜಗಳ ಇನ್ನೂ ಗಂಭೀರ. ತಲೆಗೆ ಪೆಟ್ಟಾದರೆ ನೋಡಲು ತಂಡಕ್ಕೆ ಸೇರದ ನರತಜ್ಞರು ಮೈದಾನದ ಅಂಚಿನಲ್ಲೇ ಇರುತ್ತಾರೆ. ಕಾಲು ಗಂಟಿನ ನೋವಿಗೆ ಆ ರಕ್ಷಣೆ ಇಲ್ಲ, ತಂಡದ ವೈದ್ಯರೇ ನೋಡುವುದು. 2022ರ ಜನವರಿ 2ರಂದು ಟ್ಯಾಂಪಾ ಬೇಯ ಆಂಟೋನಿಯೊ ಬ್ರೌನ್ ಪಂದ್ಯದ ನಡುವೆಯೇ ಅಂಗಿ ಕಳಚಿ ಹೊರನಡೆದಾಗ, ಕಾಲು ಗಂಟು ನೋಯುತ್ತಿದ್ದರೂ ಆಡಲು ಒತ್ತಾಯಿಸಿದರು ಎಂದು ಅವರು ಹೇಳಿದರು. ನೋವಿನ ಮಾತೇ ತಮಗೆ ಬಂದಿಲ್ಲ ಎಂದು ಕೋಚ್ ಬ್ರೂಸ್ ಏರಿಯನ್ಸ್ ಹೇಳಿದರು. ಬ್ರೌನ್ ಅವರ ಹಿಂದಿನ ನಡತೆಯ ಪಟ್ಟಿ ಉದ್ದವಿದ್ದುದರಿಂದ ಆ ವೈದ್ಯಕೀಯ ಪ್ರಶ್ನೆ ಬೇಗನೆ ಮರೆಯಾಯಿತು. ಮರೆಯಾಗಬಾರದಿತ್ತು.

ಕೊನೆಯದಾಗಿ, ತಂಡದ 53 ಮಂದಿಯ ಪಟ್ಟಿಯ ಮೇಲೆ ಕಡೆಯ ಮಾತು ಯಾರದು ಎಂಬುದು ತಂಡದಿಂದ ತಂಡಕ್ಕೆ ಬೇರೆ. ನ್ಯೂ ಇಂಗ್ಲೆಂಡ್‌ನಲ್ಲಿ 2023ರ ಋತುವಿನವರೆಗೆ ಬಿಲ್ ಬೆಲಿಚಿಕ್ ಕೋಚ್ ಕೂಡ ಆಗಿದ್ದರು, ಆಟಗಾರರನ್ನು ಆರಿಸುವವರೂ ಆಗಿದ್ದರು. 2018ರ ಸೂಪರ್ ಬೌಲ್‌ನಲ್ಲಿ ಅವರು ಆ ಋತುವಿನ ಬಹುತೇಕ ಎಲ್ಲ ಆಟಗಳಲ್ಲೂ ಇದ್ದ ಮಾಲ್ಕಮ್ ಬಟ್ಲರ್ ಅವರನ್ನು ರಕ್ಷಣೆಗೆ ಒಮ್ಮೆಯೂ ಇಳಿಸಲಿಲ್ಲ. ಎದುರಾಳಿ ಫಿಲಡೆಲ್ಫಿಯ 538 ಗಜ ಗಳಿಸಿ 41–33ರಿಂದ ಗೆದ್ದಿತು. ಬೆಲಿಚಿಕ್ ಸ್ಪಷ್ಟ ವಿವರಣೆ ಕೊಡಲಿಲ್ಲ, ಕೇಳುವ ಅಧಿಕಾರ ಮಾಲೀಕರ ಹೊರತು ಬೇರಾರಿಗೂ ಇರಲಿಲ್ಲ.

ಆದ್ದರಿಂದ ತಮ್ಮ ಕ್ರೀಡಾ ವಿಭಾಗಕ್ಕೆ ನನ್ನ ಕೋರಿಕೆ ಇಷ್ಟೇ. ಇಂಥ ಚಿತ್ರ ಹಾಕಿದಾಗ ಜೊತೆಗೆ ಮೂರು ನಾಲ್ಕು ಸಾಲು ಸೇರಿಸಿ: ಆ ತಂಡದಲ್ಲಿ ಆಟ ಹೇಳಿ ಕಳಿಸುವವರು ಮುಖ್ಯ ಕೋಚೋ, ಸಹಾಯಕರೋ, ಆಟಗಾರನ ಕರಾರಿನಲ್ಲಿ ಎಷ್ಟು ವರ್ಷ ಉಳಿದಿದೆ, ಮುಂದಿನ ಗ್ಯಾರಂಟಿ ಯಾವ ದಿನ ಗಟ್ಟಿಯಾಗುತ್ತದೆ, ಪಟ್ಟಿಯ ಮೇಲೆ ಕಡೆಯ ಮಾತು ಯಾರದು, ಗಾಯದ ತಕರಾರು ಇದೆಯೇ. ಈ ವಿವರಗಳು ಬಹುಪಾಲು ಅಮೆರಿಕದ ಕ್ರೀಡಾ ವರದಿಗಳಲ್ಲೇ ಸಿಗುತ್ತವೆ. ಲೀಗ್ ವರ್ಷ ಮಾರ್ಚ್ ಮಧ್ಯದಲ್ಲಿ ಆರಂಭವಾಗುತ್ತದೆ, ಗ್ಯಾರಂಟಿಯ ದಿನಾಂಕಗಳು ಹೆಚ್ಚಾಗಿ ಬೀಳುವುದು ಆ ವಾರದಲ್ಲೇ. ಡಿಸೆಂಬರ್‌ನಲ್ಲಿ ಯಾರಾದರೂ ತಾರೆ ಇದ್ದಕ್ಕಿದ್ದಂತೆ ಬೆಂಚಿಗೆ ಹೋದ ಸುದ್ದಿ ಬಂದರೆ ವರದಿಗಾರರು ಮೊದಲು ಆ ದಿನಾಂಕವನ್ನು ಹುಡುಕಲಿ.

ಇತಿ,
ಕ್ರೀಡಾ ಪುಟದ ಓದುಗ
ಮೈಸೂರು