'ಸಿನ್ಸ್' ಹಾಕುವ ಮುಂಚೆ: ಪುಟ್ಟಿಗೆ ಚಿಕ್ಕಮ್ಮನ ಪತ್ರ

ಪ್ರೀತಿಯ ಪುಟ್ಟಿ,

ಆಫೀಸಿಗೆ ಮೇಲ್ ಬರೆಯುವಾಗ ಇನ್, ಆನ್, ಅಟ್ ಯಾವುದು ಹಾಕಬೇಕು ಅಂತ ಕೈ ನಿಂತುಬಿಡುತ್ತದೆ ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಪ್ರಿಪೊಸಿಷನ್ ಪಟ್ಟಿಯನ್ನು ಸುಮ್ನೆ ಉರು ಹೊಡೆಯುವುದು ಬಿಡು.

ನಾವು ಜಾಸ್ತಿ ತಪ್ಪುವುದು ಕನ್ನಡದ ಪ್ರತ್ಯಯವನ್ನೇ ಇಂಗ್ಲಿಷಿಗೆ ಅಂಟಿಸುವುದರಿಂದ. ನಮಗೆ ಒಬ್ಬರ ಮೇಲೆ ಕೋಪ ಬರುತ್ತದೆ, ಹಾಗಾಗಿ 'ಆಂಗ್ರಿ ಆನ್ ಮಿ' ಅನ್ನುತ್ತೇವೆ. ಅದು 'ಆಂಗ್ರಿ ವಿತ್ ಮಿ'. ಮೈಸೂರಿಗೆ ತಲುಪಿದ್ದನ್ನು 'ರೀಚ್ಡ್ ಟು ಮೈಸೂರು' ಅನ್ನುತ್ತೇವೆ, ಅಲ್ಲಿ 'ಟು' ಬೇಡವೇ ಬೇಡ. 'ಡಿಸ್ಕಸ್ ಅಬೌಟ್' ಕೂಡ ಹಾಗೇ, 'ಡಿಸ್ಕಸ್ ದ ಬಜೆಟ್' ಅಂದರೆ ಸಾಕು.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ನಮ್ಮ 'ಇಂದ'. 2021ರಿಂದ ಇಲ್ಲಿದ್ದೇನೆ, 3 ವರ್ಷದಿಂದ ಇಲ್ಲಿದ್ದೇನೆ, ಎರಡಕ್ಕೂ ಕನ್ನಡದಲ್ಲಿ ಅದೊಂದೇ ಸಾಕು. ಇಂಗ್ಲಿಷಿನಲ್ಲಿ ಶುರುವಾದ ಹೊತ್ತಿಗೆ 'ಸಿನ್ಸ್', ಕಳೆದ ಅವಧಿಗೆ 'ಫಾರ್'. ಅಂದರೆ 'ಸಿನ್ಸ್ 2021', ಆದರೆ 'ಫಾರ್ ತ್ರೀ ಇಯರ್ಸ್'. ಜೊತೆಗೆ ಕ್ರಿಯಾಪದವೂ ಬದಲಾಗಬೇಕು: 'ಐ ಆಮ್ ವರ್ಕಿಂಗ್' ಅಲ್ಲ, 'ಐ ಹ್ಯಾವ್ ಬೀನ್ ವರ್ಕಿಂಗ್'. ನಿನ್ನ ರೆಸ್ಯೂಮೆಯಲ್ಲೂ ಇದೇ ತಪ್ಪಿದೆ, ಇವತ್ತೇ ತಿದ್ದು.

ಕೆಲವು ಕಡೆ ಕನ್ನಡವೇ ದಾರಿ ತೋರಿಸುತ್ತದೆ. ಸೋಮವಾರದೊಳಗೆ ಕಳಿಸುತ್ತೇನೆ ಅಂದರೆ 'ಬೈ ಮಂಡೇ', ಸೋಮವಾರದ ತನಕ ರಜೆ ಅಂದರೆ 'ಅನ್‌ಟಿಲ್ ಮಂಡೇ'. ಇದನ್ನು ಅದಲುಬದಲು ಮಾಡಿದರೆ ಮೇಲ್ ಓದಿದವರು ಕೆಲಸದ ಗಡುವನ್ನೇ ತಪ್ಪು ತಿಳಿಯುತ್ತಾರೆ, ಹಾಗಾಗಿ ಇಲ್ಲಿ ಮಾತ್ರ ಎರಡು ಸಲ ನೋಡು. 'ಒಳಗೆ' ಇದೆ ಅಂತ 'ವಿದಿನ್ ಮಂಡೇ' ಬರೆಯಬೇಡ. 'ವಿದಿನ್' ಬರುವುದು ಎರಡು ದಿನ, ಒಂದು ವಾರ ಅನ್ನುವಂಥ ಅವಧಿಗೆ.

ಗಂಟೆಗೆ ಅಟ್, ಸೋಮವಾರ, ಮಂಗಳವಾರದಂಥ ದಿನಕ್ಕೆ ಆನ್, ತಿಂಗಳಿಗೆ ಇನ್, ಇದು ನಿನಗೆ ಗೊತ್ತು. ಬೆಳಿಗ್ಗೆಗೆ 'ಇನ್ ದ ಮಾರ್ನಿಂಗ್', ರಾತ್ರಿಗೆ ಮಾತ್ರ 'ಅಟ್ ನೈಟ್' ಯಾಕೆ ಅಂತ ಕೇಳಬೇಡ, ರೂಢಿ ಹಾಗಿದೆ ಅಷ್ಟೆ. ವಾರಾಂತ್ಯಕ್ಕೆ ಬ್ರಿಟಿಷರು 'ಅಟ್ ದ ವೀಕೆಂಡ್' ಅನ್ನುತ್ತಾರೆ, ಅಮೆರಿಕದವರು 'ಆನ್ ದ ವೀಕೆಂಡ್'. ಎರಡೂ ಸರಿಯೇ, ಅಲ್ವಾ? ಅದಕ್ಕೆಲ್ಲ ಹೆದರಬೇಡ.

ಇನ್ನು ಮುಂದೆ ಹೊಸ ಪದ ಸಿಕ್ಕಿದಾಗ ಒಂಟಿಯಾಗಿ ಬರೆದುಕೊಳ್ಳಬೇಡ. 'ಡಿಪೆಂಡ್' ಅಲ್ಲ, 'ಡಿಪೆಂಡ್ ಆನ್'. 'ಗುಡ್' ಅಲ್ಲ, 'ಗುಡ್ ಅಟ್ ಮ್ಯಾಥ್ಸ್'. ಆಕ್ಸ್‌ಫರ್ಡ್, ಕೇಂಬ್ರಿಜ್‌ನವರು ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿಗಳು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ಅರ್ಥ ನೋಡಿ ಮುಚ್ಚದೆ, ಕೆಳಗಿನ ಉದಾಹರಣೆ ವಾಕ್ಯಗಳನ್ನೂ ಓದು.

ರೆಸ್ಯೂಮೆ ತಿದ್ದಿದ ಮೇಲೆ ನನಗೊಮ್ಮೆ ವಾಟ್ಸಾಪ್ ಮಾಡು, ನೋಡಿಕೊಡುತ್ತೇನೆ.

ನಿನ್ನ ಚಿಕ್ಕಮ್ಮ