ಇದಕ್ಕೂ ಮೂರೇ ಸಿಲಿಂಡರ್, ಅಪ್ಪ

ಟೊಯೋಟಾ ಸಿಟಿ, ಜಪಾನ್

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಆರಾಮಾಗಿದ್ದೇನೆ. ಅಮ್ಮನ ಮಂಡಿ ನೋವು ಕಡಿಮೆ ಆಯ್ತಾ? ಭಾನುವಾರ ಫೋನ್ ಮಾಡಿ ಅವಳ ಹತ್ತಿರ ಎಲ್ಲ ಮಾತಾಡುತ್ತೇನೆ. ಈ ಪತ್ರ ಮಾತ್ರ ನಿಮಗೆ. ಕಾರಿನ ವಿಷಯ, ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ.

ಹೋದ ವಾರ ಟೊಯೋಟಾ ಕಂಪನಿಯ ಜಿಆರ್ ಯಾರಿಸ್ ಕಾರು ಓಡಿಸಿದೆ! ಜೊತೆಗೆ ಕೆಲಸ ಮಾಡುವ ಗೆಳೆಯ 2024ರ ಹೊಸ ಮಾದರಿ ತೆಗೆದುಕೊಂಡಿದ್ದಾನೆ. ನೋಡಲು ಪುಟ್ಟ ಕಾರು. ಎಂಜಿನ್ 1,618 ಸಿಸಿ. ಎಷ್ಟು ಸಿಲಿಂಡರ್ ಗೊತ್ತಾ? ಮೂರೇ. ನಮ್ಮ ಮಾರುತಿ 800ಕ್ಕೂ ಮೂರೇ ಅಲ್ವಾ? ಅದರ 796 ಸಿಸಿಯಿಂದ ಬರುವುದು ಸುಮಾರು 40 ಹಾರ್ಸ್‌ಪವರ್. ಇದರಲ್ಲಿ 300.

ಇದೆಲ್ಲ ಟರ್ಬೊ ಕೆಲಸ. ಸೈಲೆನ್ಸರಿನಿಂದ ಸುಮ್ನೆ ಹೊರಗೆ ಹೋಗುವ ಬಿಸಿ ಹೊಗೆ ಮೊದಲು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಇಂಟರ್‌ಕೂಲರ್ ಅದನ್ನು ತಣಿಸುತ್ತದೆ. ಗಾಳಿ ಜಾಸ್ತಿ ಹೋದಷ್ಟೂ ಪೆಟ್ರೋಲೂ ಜಾಸ್ತಿ ಉರಿಸಬಹುದು.

ಇಲ್ಲಿಂದ ಅಸುಕೆ ಕಡೆಗೆ 153ನೇ ಹೆದ್ದಾರಿಯಲ್ಲಿ ಹೋದೆವು. ಮಳೆ ಹಿಡಿದಿತ್ತು. ಎರಡೂ ಕಡೆ ಎತ್ತರದ ಮರಗಳು, ಮಂಜು. ಚಾರ್ಮಾಡಿ ಘಾಟಿಯೇ ನೆನಪಾಯಿತು. ತಿರುವಿಗೆ ಮೊದಲೇ ಗೇರ್ ಇಳಿಸು, ತಿರುವಿನೊಳಗೆ ಕ್ಲಚ್ ಮುಟ್ಟಬೇಡ ಎಂದು ನೀವು ಹೇಳಿಕೊಟ್ಟಿದ್ದಿರಲ್ಲ, ಹಾಗೇ ಮಾಡಿದೆ. ಸೆಕೆಂಡ್ ಗೇರಿನಲ್ಲಿ ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ. ಟರ್ಬೊ ಸುತ್ತು ಹಿಡಿಯಬೇಕು. 3,000 ಆರ್‌ಪಿಎಂ ದಾಟಿತು ನೋಡಿ, ಬೆನ್ನು ಸೀಟಿಗೆ ಅಂಟಿಕೊಂಡಿತು! ಅಂಥ ಪಿಕಪ್ ನಾನು ಯಾವ ಕಾರಿನಲ್ಲೂ ಕಂಡಿಲ್ಲ. ಒದ್ದೆ ರಸ್ತೆಯಲ್ಲೂ ಚಕ್ರ ಜಾರಲಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಮಾಮೂಲಾಗಿ ಮುಂದಿನವಕ್ಕೆ 60 ಪಾಲು, ಹಿಂದಿನವಕ್ಕೆ 40.

ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಫಿ ತೋಟದ ದಾರಿಯಲ್ಲಿ ರ‍್ಯಾಲಿ ತೋರಿಸಿದ್ದಿರಿ, ನೆನಪಿದೆಯಾ? ಮೈಯೆಲ್ಲ ಕೆಂಪು ಧೂಳಾಗಿತ್ತು. ಈ ಕಾರು ಹುಟ್ಟಿದ್ದೇ ರ‍್ಯಾಲಿಗಾಗಿ. ಚಾವಣಿ ಕಾರ್ಬನ್ ಫೈಬರಿನದು, ಬಾನೆಟ್ಟು, ಬಾಗಿಲು ಅಲ್ಯೂಮಿನಿಯಂ. ಇದೇ ಊರಿನ ಮೊಟೊಮಾಚಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಉಳಿದ ಕಾರುಗಳ ಹಾಗೆ ಉದ್ದದ ಕನ್ವೇಯರ್ ಮೇಲೆ ಅಲ್ಲ. ಬೇರೆ ಬೇರೆ ಜಾಗಗಳಲ್ಲಿ ನಿಲ್ಲಿಸಿ, ನುರಿತ ಕೆಲಸಗಾರರು ಕೈಯಾರೆ ಜೋಡಿಸುತ್ತಾರೆ. 2022ರಲ್ಲಿ ವಿಶ್ವ ರ‍್ಯಾಲಿ ಜಪಾನಿಗೆ ಮರಳಿದಾಗ ನಡೆದದ್ದೂ ಈ ಬೆಟ್ಟಗಳಲ್ಲೇ.

ಹಿಂದಿನ ಸೀಟು ಮಾತ್ರ ತೀರಾ ಇಕ್ಕಟ್ಟು. ಅಮ್ಮ ಅಲ್ಲಿ ಕೂರಲು ಸಾಧ್ಯವೇ ಇಲ್ಲ. ಈಗ 8 ಗೇರಿನ ಆಟೋಮ್ಯಾಟಿಕ್ ಕೂಡ ಬಂದಿದೆ. ನನಗೆ ಮಾತ್ರ ಗೆಳೆಯನ 6 ಗೇರಿನ ಮ್ಯಾನುವಲ್ಲೇ ಇಷ್ಟವಾಯಿತು. ಗೇರ್ ಲಿವರ್ ಕೈಗೆ ಅಷ್ಟು ಚೆನ್ನಾಗಿ ಸಿಗುತ್ತದೆ.

ಮಾರುತಿಯ ಬ್ಯಾಟರಿ ಇಳಿಯದ ಹಾಗೆ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡಿ. ರಜೆಗೆ ಬಂದಾಗ ಕೊಟ್ಟಿಗೆಹಾರದವರೆಗೆ ಹೋಗಿ ನೀರುದೋಸೆ ತಿಂದು ಬರೋಣ. ಹೋಗುವಾಗ ನೀವು ಓಡಿಸಿ, ಬರುವಾಗ ನಾನು.

ನಿಮ್ಮ ಪ್ರೀತಿಯ ಮಗ