ಕಾರು ಮನೆಯಲ್ಲೇ ಬಿಡುವಂತೆ ಮಾಡಿ

ಸಂಪಾದಕರೇ,

ಎಲೆಕ್ಟ್ರಾನಿಕ್ ಸಿಟಿಗೆ ವರ್ಷಗಟ್ಟಲೆ ಕಾರಿನಲ್ಲೇ ಹೋಗಿಬಂದವನು ನಾನು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಶುರುವಾಯಿತು. ಅಲ್ಲಿಂದೀಚೆಗೆ ಕಾರು ಮನೆಯಲ್ಲೇ ನಿಂತಿದೆ. ರೈಲು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಾಗ ಕೆಳಗೆ ಸಾಲುಗಟ್ಟಿದ ಕಾರುಗಳು ಕಾಣುತ್ತವೆ. ಅವರೂ ಮೇಲೆ ಬರಬಹುದಿತ್ತಲ್ಲ ಎಂದು ದಿನಾ ಅನಿಸುತ್ತದೆ.

ಆದರೆ ‘ಕಾರು ಬಿಡಿ’ ಅಂತ ಸುಮ್ನೆ ಹೇಳಿದರೆ ಯಾರೂ ಬಿಡುವುದಿಲ್ಲ. ನಿಲ್ದಾಣದಲ್ಲಿ ಇಳಿದ ಮೇಲೆ ಮನೆವರೆಗಿನ ಒಂದು ಕಿಲೋಮೀಟರ್ ಇದೆಯಲ್ಲ, ಕಷ್ಟ ಇರುವುದೇ ಅಲ್ಲಿ. ಒಂದು ಕಡೆ ಫುಟ್‌ಪಾತೇ ಇಲ್ಲ. ಇನ್ನೊಂದು ಕಡೆ ಚಪ್ಪಡಿ ಎದ್ದಿದೆ, ಅದರ ಮೇಲೆ ಬೈಕ್ ನಿಂತಿದೆ. ಮಳೆ ಬಂದರಂತೂ ಚರಂಡಿ ಯಾವುದು, ದಾರಿ ಯಾವುದು ಗೊತ್ತಾಗುವುದಿಲ್ಲ. ವಯಸ್ಸಾದ ಅಮ್ಮನನ್ನು ಆ ದಾರಿಯಲ್ಲಿ ನಡೆಸಿಕೊಂಡು ಹೋಗಲು ನನಗಂತೂ ಧೈರ್ಯ ಬರುವುದಿಲ್ಲ. ಮೊದಲು ನಿಲ್ದಾಣಗಳ ಸುತ್ತಲಿನ ಫುಟ್‌ಪಾತ್ ಸರಿಮಾಡಿ. ನಿಲ್ದಾಣಕ್ಕೂ ಸುತ್ತಲಿನ ಬಡಾವಣೆಗಳಿಗೂ ಓಡಾಡುವ ಫೀಡರ್ ಬಸ್ ಹತ್ತು ನಿಮಿಷಕ್ಕೊಂದು ಬರಲಿ.

ದರದ ಮಾತೂ ಇದೆ. 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಗಂಡ ಹೆಂಡತಿ ಇಬ್ಬರೂ ಹೊರಟರೆ ಬೈಕೇ ಅಗ್ಗ ಅನಿಸುವುದು ಸಹಜ.

2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ತನಕ, ಬಸ್ಸಿಗೆಂದೇ ಒಂದು ಪಥ ಬಿಟ್ಟಿದ್ದರು. ಮೆಟ್ರೊ ಕಾಮಗಾರಿ ಬಂತು, ಪಥ ಹೋಯಿತು. ಕೆಲಸ ಮುಗಿದ ಕೂಡಲೇ ಅದನ್ನು ವಾಪಸ್ ತನ್ನಿ. ನಿಂತ ಕಾರಿನ ಪಕ್ಕದಲ್ಲೇ ತುಂಬಿದ ಬಸ್ಸು ಮುಂದೆ ಸಾಗುವುದನ್ನು ಜನ ದಿನಾ ನೋಡಲಿ.

– ಒಬ್ಬ ಪ್ರಯಾಣಿಕ, ಬೆಂಗಳೂರು